ಅರವತ್ತನಾಲ್ಕನೆಯ ಲೈಸಿನ್

ಈ ಸಲ ಆಯುಧಪೂಜೆಗೆ ಪ್ರಯೋಗಾಲಯದಲ್ಲಿ ಯಾರೋ ಗಂಧ ತೇಯುತ್ತಿದ್ದರು. ವಾಸನೆ ಮೂಗಿಗೆ ತಗುಲಿದ್ದೇ ತಡ, ನಾನು ಹೋಗಿ ಫ್ರೀಜರಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಯಾರೂ ಅದನ್ನು ತೆಗೆಯಲು ಬಂದಿರಲಿಲ್ಲ. ಹೊಸದಾಗಿ ಸೇರಿದ ಇಬ್ಬರು ಮುಖ ಮುಖ ನೋಡಿಕೊಂಡು ನಕ್ಕರು. ನಗಲಿ. ಗಂಧದ ವಾಸನೆ ಎಂದರೆ ಅವರಿಗೆ ಪುರಿ, ಕಡ್ಲೆ, ಬೂದುಗುಂಬಳಕಾಯಿ. ನನಗೆ ಹೋದ ವರ್ಷದ ಅಕ್ಟೋಬರಿನಿಂದ ಈ ಮೇವರೆಗಿನ ಏಳು ತಿಂಗಳು, ಕೆಟ್ಟುಹೋದ ಮೂವತ್ತೊಂದು ಪ್ರಯೋಗ, ಮತ್ತು ನಾನು ಪೂರ್ಣಿಮಾಳ ಹೆಸರಿನ ಮುಂದೆ ಬರೆದ ಇಪ್ಪತ್ತಾರು ಸಾಲು.

ನಮ್ಮ ಪ್ರಯೋಗಾಲಯ ಶಿವಮೊಗ್ಗದ ವಿದ್ಯಾನಗರದಲ್ಲಿ, ಒಂದು ಕಾಲೇಜಿನ ಹಿಂಬದಿಯ ಕಟ್ಟಡದಲ್ಲಿದೆ. ಹೋದ ವರ್ಷ ನಾವು ಮೂರೇ ಜನ. ನಮ್ಮ ಮಾರ್ಗದರ್ಶಕಿ, ಅವರನ್ನು ಮೇಡಂ ಎಂದೇ ಕರೆಯುತ್ತಿದ್ದೆವು. ರಾಗಿಗುಡ್ಡದಿಂದ ಸ್ಕೂಟರಿನಲ್ಲಿ ಬರುತ್ತಿದ್ದ ಪೂರ್ಣಿಮಾ. ಭದ್ರಾವತಿಯ ಓಲ್ಡ್ ಟೌನಿನಿಂದ ದಿನಾ ಬಸ್ಸಿಗೆ ಬರುತ್ತಿದ್ದ ನಾನು. ನನಗೆ ಹೈಸ್ಕೂಲಿನಿಂದ ದಿನಚರಿಯ ಚಟ. ಬಸ್ಸು ಎಷ್ಟು ನಿಮಿಷ ತಡ, ಯಾವ ಬಾಟಲಿ ಯಾವತ್ತು ಒಡೆದೆ, ಯಾವ ದ್ರಾವಣ ಎಷ್ಟು ಸಲ ಹೊರಗೆ ಬಂತು, ಎಲ್ಲಕ್ಕೂ ಗೀಟು ಹಾಕಿ ಐದೈದರ ಕಟ್ಟು ಕಟ್ಟುತ್ತಿದ್ದೆ. ಪ್ರಯೋಗಾಲಯಕ್ಕೆ ಬೇರೆ ಪುಸ್ತಕ ಅಂತ ಇಡಲಿಲ್ಲ. ಅದೇ ನೀಲಿ ರಟ್ಟಿನ ದಪ್ಪ ಪುಸ್ತಕದಲ್ಲಿ ನನ್ನ ದಿನವೂ ಇರುತ್ತಿತ್ತು, ಪ್ರಯೋಗವೂ ಇರುತ್ತಿತ್ತು.

ನಾವು ಹುಡುಕುತ್ತಿದ್ದದ್ದು ಒಂದು ಗುರುತನ್ನು. ಪ್ರೋಟೀನು ಎಂದರೆ ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರ. ಆ ಮಣಿಗಳಲ್ಲಿ ಒಂದು ಜಾತಿಯ ಹೆಸರು ಲೈಸಿನ್. ಕೆಲವು ಕಿಣ್ವಗಳು ಲೈಸಿನ್ನಿನ ತುದಿಗೆ ಮೀಥೈಲ್ ಎಂಬ ಪುಟ್ಟ ಗುಂಪನ್ನು ಅಂಟಿಸುತ್ತವೆ. ಒಂದು ಕಾರ್ಬನ್, ಮೂರು ಹೈಡ್ರೋಜನ್, ಅಷ್ಟೇ. ಒಂದು ಅಂಟಿಸಬಹುದು, ಎರಡು ಅಂಟಿಸಬಹುದು, ಮೂರೂ ಅಂಟಿಸಬಹುದು. ಪ್ರೋಟೀನಿನ ತೂಕದಲ್ಲಿ ಅದು ಲೆಕ್ಕಕ್ಕೇ ಇಲ್ಲ, ವಿದ್ಯುದಾವೇಶವೂ ಬದಲಾಗುವುದಿಲ್ಲ. ಆದರೆ ಆ ಗುರುತನ್ನು ಓದುವ ಬೇರೆ ಪ್ರೋಟೀನುಗಳಿವೆ, ಅಳಿಸುವ ಕಿಣ್ವಗಳೂ ಇವೆ. ಡಿಎನ್ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನಿನ ಮೇಲೆ ಆ ಗುರುತು ಎಲ್ಲಿ ಬಿತ್ತು, ಎಷ್ಟು ಬಿತ್ತು ಎಂಬುದರ ಮೇಲೆ ಒಂದು ಜೀನು ಎಚ್ಚರವಾಗುತ್ತದೆ ಇಲ್ಲವೇ ಮಲಗುತ್ತದೆ. ಬೇರೆ ಪ್ರೋಟೀನುಗಳ ಮೇಲೆ ಬಿದ್ದರೆ ಯಾರ ಜೊತೆ ಕೂಡಬೇಕು, ಎಷ್ಟು ಹೊತ್ತು ಬಾಳಬೇಕು ಎಂಬುದೇ ಬದಲಾಗಬಹುದು.

ಯೀಸ್ಟಿನ ಒಂದು ಪ್ರೋಟೀನಿನಲ್ಲಿ ಅರವತ್ತನಾಲ್ಕನೆಯ ಮಣಿ ಲೈಸಿನ್. ಅದೇ ಲೈಸಿನ್ನಿನ ಮೇಲೆ 'ಇದನ್ನು ಒಡೆದುಹಾಕಿ' ಎಂಬ ಬೇರೊಂದು ಗುರುತು ಕೂರುತ್ತದೆ ಎಂದು ಗೊತ್ತಿತ್ತು. ಮೀಥೈಲ್ ಮೊದಲೇ ಬಂದು ಕೂತರೆ ಆ ಸಾವಿನ ಗುರುತಿಗೆ ಜಾಗವಿರುವುದಿಲ್ಲ, ಪ್ರೋಟೀನು ಬದುಕುತ್ತದೆ. ಇದು ಮೇಡಂ ಅವರ ಊಹೆ. ಆದರೆ ಮೊದಲು ಅರವತ್ತನಾಲ್ಕಕ್ಕೆ ಮೀಥೈಲ್ ಬೀಳುತ್ತದೆಂದು ತೋರಿಸಬೇಕಿತ್ತು. ಅದಕ್ಕೆ ಬೇಕಾದ ಕಿಣ್ವವನ್ನು ಬ್ಯಾಕ್ಟೀರಿಯಾದಲ್ಲಿ ಬೆಳೆಸಿ, ಸೋಸಿ, ಶುದ್ಧಮಾಡಿ ಕೊಡುವುದು ಪೂರ್ಣಿಮಾಳ ಕೆಲಸ. ಪ್ರಯೋಗ ನಡೆಸುವುದು ನನ್ನ ಕೆಲಸ. ಫೆಬ್ರುವರಿ ಕೊನೆಗೆ ಯೋಜನೆಗೆ ಹಣ ಕೊಡುವ ಕಡೆಯವರು ಬಂದು ಪರಿಶೀಲನೆ ಮಾಡುವವರಿದ್ದರು. ಅಷ್ಟರಲ್ಲಿ ಕಿಣ್ವ ಕೆಲಸ ಮಾಡುತ್ತದೆಂದು ತೋರಿಸದಿದ್ದರೆ ಕಿಣ್ವದ ಭಾಗ ಮುಚ್ಚುತ್ತದೆ, ಅದರ ಜೊತೆಗೆ ಪೂರ್ಣಿಮಾಳ ಹುದ್ದೆಯೂ. ಇದು ಮೂವರಿಗೂ ಮೊದಲ ದಿನದಿಂದ ಗೊತ್ತಿತ್ತು.

ಸೆಪ್ಟೆಂಬರಿನಲ್ಲಿ ನಾಲ್ಕು ಪ್ರಯೋಗ ಮಾಡಿದ್ದೆ. ಪ್ರೋಟೀನುಗಳನ್ನು ಜೆಲ್ ಎಂಬ ಲೋಳೆಯ ಹಾಳೆಯ ಮೇಲೆ ಸಾಲುಸಾಲಾಗಿ ಓಡಿಸಿ, ಮೀಥೈಲನ್ನು ಗುರುತುಹಿಡಿಯುವ ಪ್ರತಿಕಾಯ ಹಚ್ಚಿದರೆ, ಮೀಥೈಲ್ ಬಿದ್ದ ಕಡೆ ಫಿಲ್ಮಿನ ಮೇಲೆ ಕಪ್ಪು ಪಟ್ಟೆ ಮೂಡುತ್ತದೆ. ಪ್ರತಿ ಸಲವೂ ನಮ್ಮ ಪ್ರೋಟೀನಿನ ಪಕ್ಕದ ಸಾಲಿನಲ್ಲಿ ಹಿಸ್ಟೋನನ್ನೂ ಇಡುತ್ತಿದ್ದೆ. ಅದಕ್ಕೆ ಈ ಕಿಣ್ವ ಮೀಥೈಲ್ ಅಂಟಿಸುವುದು ಖಚಿತ. ಅಲ್ಲಿ ಪಟ್ಟೆ ಬಂದರೆ ಉಳಿದದ್ದೆಲ್ಲ ಸರಿಯಿದೆ ಎಂದರ್ಥ. ನಾಲ್ಕು ಸಲವೂ ಹಿಸ್ಟೋನಿನ ಪಟ್ಟೆ ಕಾಡಿಗೆ ತೀಡಿದಂತೆ ಬಂತು. ಅರವತ್ತನಾಲ್ಕರ ಸಾಲಿನಲ್ಲಿ ಏನೂ ಕಾಣಲಿಲ್ಲ, ಆದರೆ ನಾವು ಅಳತೆಗಳನ್ನು ಇನ್ನೂ ಹೊಂದಿಸುತ್ತಿದ್ದೆವು. ಆಮೇಲೆ ದಸರೆ ಬಂತು. ರಜೆ ಮುಗಿಸಿ ಅಕ್ಟೋಬರ್ ಹದಿನಾಲ್ಕು, ಸೋಮವಾರ, ಐದನೇ ಪ್ರಯೋಗ ಶುರು ಮಾಡಿದೆ. ಮಾರನೇ ದಿನ ಫಿಲ್ಮ್ ತೊಳೆದು ನೋಡಿದರೆ ಹಿಸ್ಟೋನಿನ ಜಾಗದಲ್ಲಿ ಒದ್ದೆ ಬೆರಳು ಒರೆಸಿದಂಥ ಒಂದು ನೆರಳು.

ಪೂರ್ತಿ ಖಾಲಿ ಬಂದಿದ್ದರೆ ಎಷ್ಟೋ ವಾಸಿಯಿತ್ತು. ಆ ನೆರಳು ನನ್ನನ್ನು ನಾಲ್ಕು ತಿಂಗಳು ಆಡಿಸಿತು.

ಪುಸ್ತಕದಲ್ಲಿ 'ಕಾರಣ' ಎಂಬ ಹೊಸ ಅಂಕಣ ಎಳೆದೆ. ಹೀಗೆ ಕೆಟ್ಟವುಗಳಲ್ಲಿ ಮೊದಲ ಐದಕ್ಕೆ ಕಾರಣ ಸಿಕ್ಕಿತು: ಎರಡು ಸಲ ಜೆಲ್ ಹರಿದಿತ್ತು, ಒಂದು ಸಲ ಕರೆಂಟ್ ಹೋಗಿತ್ತು, ಎರಡು ಸಲ ಪ್ರತಿಕಾಯ ಹಳೆಯದಾಗಿತ್ತು. ಹೊಸ ಪ್ರತಿಕಾಯ ತರಿಸಿದೆವು. ನೀರು ಬದಲಿಸಿದೆವು. ಉಪ್ಪಿನ ದ್ರಾವಣಗಳನ್ನೆಲ್ಲ ಚೆಲ್ಲಿ ಹೊಸದಾಗಿ ಕಲಸಿದೆ. ನೆರಳು ನೆರಳಾಗಿಯೇ ಉಳಿಯಿತು. ಆರನೆಯದಕ್ಕೆ ನಾನು 'ಕಿಣ್ವ ದುರ್ಬಲ, ಪೂ.' ಎಂದು ಬರೆದೆ.

ಪೂರ್ಣಿಮಾ ಮತ್ತೆ ಕಿಣ್ವ ಮಾಡಿದಳು. ಅದಕ್ಕೆ ಒಂಬತ್ತು ದಿನ ಹಿಡಿಯಿತು. ಹೊಸ ಕಿಣ್ವಕ್ಕೂ ನೆರಳೇ.

"ನನ್ನ ಕಿಣ್ವ ಸರಿ ಇದೆ ಮಾರಾಯ್ತಿ," ಎಂದಳು. "ಜೆಲ್ ಮೇಲೆ ಓಡ್ಸಿ ನೋಡ್ದೆ, ಎಷ್ಟು ಕ್ಲೀನಾಗಿದೆ ಗೊತ್ತಾ?"

"ಕ್ಲೀನಾಗಿದ್ರೆ ಆಯ್ತಾ? ಕೆಲಸ ಮಾಡ್ಬೇಕಲ್ಲ."

"ನೀನೂ ಕ್ಲೀನಾಗೇ ಇದೀಯ," ಎಂದು ಹೇಳಿ ಹೋದಳು.

ಆ ಅಕ್ಟೋಬರಿನಿಂದ ಅವಳು ಸಂಜೆ ಮನೆಯಲ್ಲಿ ಪಿಯುಸಿಯವರಿಗೆ ಟ್ಯೂಷನ್ ಹೇಳತೊಡಗಿದ್ದಳು. ಐದರ ಹೊತ್ತಿಗೆ ಹೊರಡುತ್ತಿದ್ದಳು. ಕಿಣ್ವ ಕೆಡಲು ಅದೇ ಕಾರಣ ಎಂದು ನನಗೆ ಅನ್ನಿಸಿತು. ಅವಸರದಲ್ಲಿ ಸೋಸುತ್ತಾಳೆ, ತಣ್ಣಗಿಡುವುದು ಬಿಟ್ಟು ಗಡಿಯಾರ ನೋಡುತ್ತಾಳೆ. ಅನ್ನಿಸಿದ್ದನ್ನು ಬರೆಯದೆ ಬಿಡುವವಳಲ್ಲ ನಾನು. 'ಪೂ. 5.10ಕ್ಕೆ ಹೊರಟಳು.' 'ಪೂ. 5.05.' 'ಪೂ. 5.10.' ನವೆಂಬರ್ ಒಂದೇ ತಿಂಗಳಲ್ಲಿ ಹದಿನೇಳು ಸಾಲು ಇಂಥವು. ಅವಳು ಬೆಳಿಗ್ಗೆ ಎಂಟಕ್ಕೆ ಬರುತ್ತಿದ್ದಳು ಎಂಬುದನ್ನು ಒಂದು ದಿನವೂ ಬರೆಯಲಿಲ್ಲ. ನಾನು ಬರುವ ಬಸ್ಸು ಒಂಬತ್ತಕ್ಕೆ.

ಡಿಸೆಂಬರಿನ ಒಂದು ಭಾನುವಾರ ಮನೆಯಲ್ಲಿ ಇದೇ ಗೋಳು ಹೇಳಿಕೊಂಡೆ. ಅಪ್ಪ ಕಬ್ಬಿಣದ ಕಾರ್ಖಾನೆಯ ಎರಕದ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ದುಡಿದು, ಈಗ ಓಲ್ಡ್ ಟೌನಿನಲ್ಲೇ ಒಂದು ಲೇತ್ ಇಟ್ಟುಕೊಂಡಿದ್ದಾರೆ. ಕೈ ಒರೆಸಿಕೊಳ್ಳುತ್ತ ಕೇಳಿಸಿಕೊಂಡರು.

"ಅಂದ್ರೆ ನಮ್ಮ ಸೀಮೆಸುಣ್ಣದ ಗೀಟು ಅನ್ನು," ಎಂದರು. "ಎರಕ ಆರಿದ ಮೇಲೆ ನೋಡೋನು ಬಂದು ಗೀಟು ಹಾಕ್ತಿದ್ದ. ಒಂದು ಗೀಟು ಅಂದ್ರೆ ಲೇತಿಗೆ. ಎರಡು ಅಂದ್ರೆ ಇನ್ನೊಂದ್ಸಲ ನೋಡಿ. ಮೂರು ಅಂದ್ರೆ ವಾಪಸ್ ಕುಲುಮೆಗೆ. ಕಬ್ಬಿಣದ ತೂಕ ಅಷ್ಟೇ ಇರ್ತಿತ್ತು. ಆದ್ರೆ ಮುಂದಿನೋನು ಗೀಟು ನೋಡೇ ಎತ್ತೋನು."

ನಾಲ್ಕು ವರ್ಷದಲ್ಲಿ ಮೀಥೈಲೀಕರಣವನ್ನು ಇಷ್ಟು ಚೆನ್ನಾಗಿ ನನಗೆ ಯಾರೂ ಹೇಳಿರಲಿಲ್ಲ. ಹೌದಪ್ಪಾ ಅದೇ, ಗೀಟು ಹಾಕುವವನೇ ಕಿಣ್ವ, ಅವನ ಕೈಯೇ ಸೋತಿದೆ ಎಂದೆ.

"ಸೀಮೆಸುಣ್ಣ ಯಾವ್ದು ಅಲ್ಲಿ?"

ಸ್ಯಾಮ್ ಎಂದೆ. ಉದ್ದದ ಹೆಸರೊಂದಿದೆ, ನಾವು ಕರೆಯುವುದು ಹಾಗೆ. ಮೀಥೈಲನ್ನು ಹೊತ್ತು ತಂದು ಕಿಣ್ವದ ಕೈಗೆ ಕೊಡುವ ಅಣು. ಬೆಚ್ಚಗಾದರೆ ಸತ್ವ ಕಳೆದುಕೊಳ್ಳುವಂಥದ್ದು, ಅದಕ್ಕೆ ಸದಾ ಫ್ರೀಜರಿನಲ್ಲಿರಬೇಕು.

"ಆ ಸ್ಯಾಮಣ್ಣ ಸರಿ ಇದಾನಾ? ಮಳೇಲಿ ಸುಣ್ಣ ಒದ್ದೆ ಆದ್ರೆ ನಮ್ಮೋನು ಎಷ್ಟು ಒತ್ತಿ ಎಳೆದ್ರೂ ಗೀಟು ಬೀಳ್ತಿರ್ಲಿಲ್ಲ ಕಣೇ. ಬೈಸ್ಕೊಳ್ಳೋನು ಮಾತ್ರ ಅವನೇ."

"ಅದರ ಲೆಕ್ಕ ನನ್ನ ಹತ್ರ ಇದೆಯಪ್ಪ. ಒಂದು ಸಲಾನೂ ಕರಗಿಲ್ಲ."

"ಲೆಕ್ಕ ಇದ್ರೆ ಸರಿ ಬಿಡು," ಎಂದು ಅಪ್ಪ ಲೇತಿನ ಕಡೆ ತಿರುಗಿದರು.

ಲೆಕ್ಕ ಇತ್ತು, ನಿಜ. ಸ್ಯಾಮ್ ಬಂದಾಗ ಅದನ್ನು ಒಂದೊಂದು ಹನಿಯಂತೆ ಪುಟಾಣಿ ಕೊಳವೆಗಳಿಗೆ ಹಂಚಿ, ಒಂದೇ ಥರದ ಎರಡು ಬಿಳಿ ರಟ್ಟಿನ ಡಬ್ಬಿಗಳಲ್ಲಿ ಜೋಡಿಸಿದ್ದೆ. ಪ್ರಯೋಗಕ್ಕೆ ಒಂದು ಕೊಳವೆ. ಬಳಸಿ ಖಾಲಿಯಾದದ್ದನ್ನು ಎಸೆಯುತ್ತಿರಲಿಲ್ಲ. ಕೊನೆಗೆ ಎಣಿಸಿ ತಾಳೆ ನೋಡಲು ಬೇಕಲ್ಲ, ಅದಕ್ಕೆ ಅದೇ ಡಬ್ಬಿಗೆ ವಾಪಸ್ ಸೇರಿಸಿ ಫ್ರೀಜರಿನಲ್ಲೇ ಇಡುತ್ತಿದ್ದೆ. ಒಂದನೇ ಡಬ್ಬಿ ಸೆಪ್ಟೆಂಬರಿನ ಅಳತೆ ಹೊಂದಿಸುವ ಸಣ್ಣಪುಟ್ಟ ಪರೀಕ್ಷೆಗಳಲ್ಲೇ ಮುಗಿದಿತ್ತು. ಎರಡನೇ ಡಬ್ಬಿ ತುಂಬಿತ್ತು. ಪ್ರತಿ ಕೊಳವೆಗೂ ಪುಸ್ತಕದಲ್ಲಿ ತಾರೀಖು, ಗಂಟೆ, ನಿಮಿಷ.

ಜನವರಿಯಲ್ಲಿ ಮೇಡಂ ಕೂಡ ಅದನ್ನೇ ಕೇಳಿದರು. ಪೂರ್ಣಿಮಾ ಮೂರನೇ ಸಲ ಮಾಡಿದ ಕಿಣ್ವವೂ ನೆರಳು ತೋರಿಸಿತ್ತು. "ಹೊಸ ಸ್ಯಾಮ್ ತರಿಸಿಬಿಡೋಣ್ವಾ ಶೈಲಜಾ? ಆರು ವಾರ ಆಗತ್ತೆ, ಆದ್ರೂ."

ಆರು ವಾರ ಎಂದರೆ ಪರಿಶೀಲನೆ ಮುಗಿದೇ ಹೋಗುತ್ತದೆ. ನಾನು ನೀಲಿ ಪುಸ್ತಕ ಬಿಚ್ಚಿ ಅವರ ಮುಂದಿಟ್ಟೆ. ಮೇಡಂ ಹಾಳೆ ತಿರುವಿದರು. ಎಲ್ಲಿಯೂ ಒಂದು ಗಂಟೆಯ ಕೊರತೆಯೂ ಕಾಣಲಿಲ್ಲ. ಅಕ್ಟೋಬರ್ ಒಂಬತ್ತರ ನಂತರ ಹದಿನಾಲ್ಕು, ನಡುವೆ ರಜೆ.

"ಪುಸ್ತಕದಲ್ಲಿ ಇಲ್ದೇ ಇದ್ರೆ ಆಗೇ ಇಲ್ಲ ಅಂತಾನಾ?" ಎಂದಳು ಪೂರ್ಣಿಮಾ.

"ನೀನೂ ಹೀಗೊಂದು ಪುಸ್ತಕ ಇಟ್ಟಿದ್ರೆ ಈ ಮಾತು ಬರ್ತಿರ್ಲಿಲ್ಲ," ಎಂದೆ.

ಮೇಡಂ ಪುಸ್ತಕ ಮುಚ್ಚಿದರು. "ಇಷ್ಟು ಬರೆದಿಟ್ಟೋಳನ್ನ ನಾನು ಹೇಗೆ ಅನುಮಾನಿಸ್ಲಿ? ಪೂರ್ಣಿಮಾ, ಇನ್ನೊಂದ್ಸಲ ಮಾಡಮ್ಮ." ಪೂರ್ಣಿಮಾ ನಾಲ್ಕನೇ ಸಲ ಮಾಡಿದಳು. ಆ ಹತ್ತು ದಿನ ಟ್ಯೂಷನ್ ನಿಲ್ಲಿಸಿದ್ದಳು ಎಂದು ನನಗೆ ಆಮೇಲೆ ತಿಳಿಯಿತು. ಫೆಬ್ರುವರಿ ಇಪ್ಪತ್ತನಾಲ್ಕಕ್ಕೆ ಕೆಟ್ಟವುಗಳಲ್ಲಿ ಮೂವತ್ತೊಂದನೆಯದರ ಫಿಲ್ಮ್ ತೊಳೆದೆ. ನೆರಳು. 'ಕಿಣ್ವ ದುರ್ಬಲ, ಪೂ.' ಇಪ್ಪತ್ತಾರನೇ ಸಾಲು.

ಮಾರನೇ ದಿನ, ಶಿವರಾತ್ರಿಯ ಮುನ್ನಾದಿನ, ಪರಿಶೀಲನೆ ನಡೆಯಿತು. ಬಂದ ಇಬ್ಬರೂ ನನ್ನ ಪುಸ್ತಕವನ್ನು ಹೊಗಳಿದರು. ಇಷ್ಟು ಅಚ್ಚುಕಟ್ಟಾದ ದಾಖಲೆ ನೋಡಿಯೇ ಇಲ್ಲ ಎಂದರು. ಆಮೇಲೆ ಆ ಪುಸ್ತಕದ ಆಧಾರದ ಮೇಲೆಯೇ ಕಿಣ್ವದ ಭಾಗವನ್ನು ಮುಚ್ಚಿದರು. ಪೂರ್ಣಿಮಾ ತನ್ನ ಬಿಳಿ ಕೋಟು ಮಡಿಸಿ ಚೀಲಕ್ಕೆ ಹಾಕಿಕೊಂಡಳು. ನಾಲ್ಕೂ ಸಲದ ಕಿಣ್ವದಲ್ಲಿ ಉಳಿದದ್ದು ಫ್ರೀಜರಿನ ಕೆಳಗಿನ ಅರೆಯಲ್ಲಿದೆ, ಬೇಕಾದರೆ ಎಸಿ ಎಂದಳು. ನಾನು ಎಸೆಯಲಿಲ್ಲ. ಒಳ್ಳೆಯತನದಿಂದಲ್ಲ, ಎಸೆಯುವ ಮೊದಲು ಪಟ್ಟಿ ಮಾಡಬೇಕಿತ್ತು.

ಮಾರ್ಚ್ ಇಪ್ಪತ್ತೆಂಟು, ಶುಕ್ರವಾರ, ಯುಗಾದಿಗೆ ಮುಂಚೆ ಆ ಪಟ್ಟಿಗೆ ಕೂತೆ. ಸ್ಯಾಮಿನ ಎರಡನೇ ಡಬ್ಬಿಯಲ್ಲಿ ಕೊನೆಯ ಸಾಲಿನ ಒಂಬತ್ತು ಕೊಳವೆ ಬಳಸದೆ ಉಳಿದಿದ್ದವು. ಒಂದೊಂದೇ ಎತ್ತಿದೆ. ಏಳನೆಯದನ್ನು ಎತ್ತಿದಾಗ ರಟ್ಟಿನ ಮನೆಯ ತಳದಲ್ಲಿ ಏನೋ ಹಳದಿಯಾಗಿ ಕಂಡಿತು. ಚಿಮುಟದಿಂದ ಹಿಡಿದು ಮೇಲೆತ್ತಿದೆ.

ಅರಿಶಿನ ಹಚ್ಚಿದ ಒಂದು ಅಕ್ಕಿಕಾಳು. ಅಕ್ಷತೆ.

ಎಷ್ಟು ಹೊತ್ತು ಅದನ್ನೇ ಹಿಡಿದುಕೊಂಡಿದ್ದೆನೋ ಬರೆದಿಲ್ಲ.

ಅಕ್ಟೋಬರ್ ಹತ್ತು, ಗುರುವಾರ, ರಜೆಗೆ ಮುಂಚಿನ ದಿನ ಮಧ್ಯಾಹ್ನ ನಾವು ಪ್ರಯೋಗಾಲಯದಲ್ಲಿ ಪೂಜೆ ಇಟ್ಟುಕೊಂಡಿದ್ದೆವು. ಯಂತ್ರಗಳಿಗೆಲ್ಲ ಗಂಧ, ಕುಂಕುಮ, ಹೂವು. ಸರಸ್ವತಿಯ ಪಟದ ಮುಂದೆ ನಮ್ಮ ನಮ್ಮ ಕಸುಬಿನ ಸಾಮಾನು. ನಮ್ಮ ಮನೆಯಲ್ಲಿ ಪುಸ್ತಕವನ್ನು ಪೂಜೆಗಿಟ್ಟರೆ ವಿಜಯದಶಮಿ ಕಳೆಯುವವರೆಗೆ ಬಿಚ್ಚುವ ಹಾಗಿಲ್ಲ, ಬರೆಯುವ ಹಾಗಿಲ್ಲ, ಕದಲಿಸುವ ಹಾಗೂ ಇಲ್ಲ. ನಾನು ನೀಲಿ ಪುಸ್ತಕ ಇಟ್ಟೆ, ನನ್ನ ಪಿಪೆಟ್ ಇಟ್ಟೆ. ಇನ್ನೂ ಏನಾದರೂ ಇರಲಿ ಎಂದು ಸ್ಯಾಮಿನ ಖಾಲಿ ಡಬ್ಬಿ ತಂದಿಟ್ಟೆ. ಬಳಸಿದ ಕೊಳವೆಗಳು ಸಾಲಾಗಿ ಕಾಣಲಿ, ಚೆಂದ ಎಂದು ಮುಚ್ಚಳವನ್ನೂ ತೆಗೆದು ಪಕ್ಕದಲ್ಲಿಟ್ಟೆ. ಮುಚ್ಚಳದ ಮೇಲೆ ಅಂಕಿ ಬರೆದಿದ್ದೆ. ಆಗ ಅದರ ಮೇಲೆ ಹಿಮ ಕಟ್ಟಿತ್ತು, ನಾನು ಒರೆಸಿ ನೋಡಲಿಲ್ಲ. ಕೊಳವೆಯ ತಳದಲ್ಲಿರುವ ಹನಿಯಂತೂ ಬರಿಗಣ್ಣಿಗೆ ಕಾಣುವಂಥದ್ದಲ್ಲ. ಮೇಡಂ ಅಂಕಿಯ ಮೇಲೆಯೇ ಗಂಧ ಮೆತ್ತಿ ಕುಂಕುಮ ಇಟ್ಟರು. ಅಕ್ಷತೆ ಹಾಕಿದರು. ಪಕ್ಕದಲ್ಲಿ ಎಣ್ಣೆಯ ದೀಪ.

ಹೊರಡುವಾಗ ಪೂರ್ಣಿಮಾ ಕೇಳಿದ್ದಳು, ಈಗ ಅವಳ ದನಿಸಮೇತ ನೆನಪಾಯಿತು: "ಆ ಡಬ್ಬಿ ಒಳಗಿಡ್ಲೇನೇ?"

"ಪೂಜೆಗಿಟ್ಟಿದ್ದನ್ನ ಮುಟ್ಬೇಡ ಮಾರಾಯ್ತಿ. ಖಾಲಿ ಅದು."

ಖಾಲಿಯಲ್ಲ, ಎರಡನೇ ಡಬ್ಬಿ. ಗುರುವಾರ ಮಧ್ಯಾಹ್ನದಿಂದ ಸೋಮವಾರ ಬೆಳಿಗ್ಗೆಯವರೆಗೆ, ಮುಚ್ಚಿದ ಕೋಣೆಯ ಸೆಕೆಯಲ್ಲಿ. ಸೋಮವಾರ ನಾನೇ ಬಂದು, ಮುಚ್ಚಳದ ಗಂಧವನ್ನು ಅಂಕಿ ಗಮನಿಸದೆ ಒರೆಸಿ ಹಾಕಿ, ಡಬ್ಬಿಯನ್ನು ಫ್ರೀಜರಿಗೆ ಸೇರಿಸಿ, ಆಮೇಲೆ ಪುಸ್ತಕ ಬಿಚ್ಚಿ ತಾರೀಖು ಬರೆದಿದ್ದೆ. ಆ ನಾಲ್ಕು ದಿನ ಸ್ಯಾಮ್ ಎಲ್ಲಿತ್ತು ಎಂದು ಪುಸ್ತಕ ಹೇಳುವುದು ಸಾಧ್ಯವೇ ಇರಲಿಲ್ಲ. ಪುಸ್ತಕವೂ ಅದರ ಪಕ್ಕದಲ್ಲೇ ಹೂವು ಮುಡಿದುಕೊಂಡು ಕೂತಿತ್ತು.

ಮೇಡಂಗೆ ಅವತ್ತೇ ಹೇಳಿದೆ. ಅವರು ಬಯ್ಯಲಿಲ್ಲ. "ಗಂಧ ಇಟ್ಟೋಳು ನಾನು," ಎಂದು ಮಾತ್ರ ಹೇಳಿ ಹೊಸ ಸ್ಯಾಮಿಗೆ ಪತ್ರ ಬರೆದರು. ಮೇ ಹನ್ನೆರಡಕ್ಕೆ ಅದು ಬಂತು. ಪೂರ್ಣಿಮಾ ಬಿಟ್ಟುಹೋದ ನಾಲ್ಕು ಕಿಣ್ವಗಳನ್ನೂ ಕೆಳಗಿನ ಅರೆಯಿಂದ ತೆಗೆದು, ಒಂದೇ ಜೆಲ್ಲಿನ ಮೇಲೆ ಹಿಸ್ಟೋನಿನ ಜೊತೆ ಓಡಿಸಿದೆ. ಕೊನೆಯ ಸಾಲಿನಲ್ಲಿ ನಾಲ್ಕನೇ ಕಿಣ್ವ, ನಮ್ಮ ಪ್ರೋಟೀನು. ಹದಿನಾಲ್ಕರ ಮಧ್ಯಾಹ್ನ ಫಿಲ್ಮ್ ತೊಳೆದೆ. ನಾಲ್ಕು ಕಪ್ಪು ಪಟ್ಟೆ, ಒಂದಕ್ಕಿಂತ ಒಂದು ದಪ್ಪ. ಐದನೆಯದರಲ್ಲಿ ತೆಳ್ಳಗೆ, ಆದರೆ ಅನುಮಾನಕ್ಕೆ ಎಡೆಯಿಲ್ಲದ ಹಾಗೆ, ಅರವತ್ತನಾಲ್ಕು.

ಖುಷಿಯಾಗಬೇಕಿತ್ತು. ಮುಖ್ಯ ಪ್ರಶ್ನೆ ಹಾಗೇ ಉಳಿದಿತ್ತು: ಆ ಗುರುತು ಬಿದ್ದ ಮೇಲೆ ಪ್ರೋಟೀನು ನಿಜಕ್ಕೂ ಹೆಚ್ಚು ಬಾಳುತ್ತದೆಯೇ? ಅದಕ್ಕೆ ಇನ್ನೂ ಲೋಟಗಟ್ಟಲೆ ಕಿಣ್ವ ಬೇಕು, ಆ ಕಿಣ್ವ ಮಾಡಬಲ್ಲವಳು ಇಲ್ಲ. ಅವಳ ಹುದ್ದೆ ಕಾಗದದ ಮೇಲೂ ಉಳಿದಿರಲಿಲ್ಲ. ಇವತ್ತಿಗೂ ನಾನು ಅವಳ ಟಿಪ್ಪಣಿ ನೋಡಿಕೊಂಡು ಕಿಣ್ವ ಮಾಡುತ್ತಿದ್ದೇನೆ. ಅವಳು ಮಾಡುತ್ತಿದ್ದುದರ ಅರ್ಧದಷ್ಟೂ ಬರುವುದಿಲ್ಲ.

ಭಾನುವಾರ ಫಿಲ್ಮನ್ನು ರಟ್ಟಿನ ನಡುವೆ ಇಟ್ಟುಕೊಂಡು ರಾಗಿಗುಡ್ಡಕ್ಕೆ ಹೋದೆ. ಪೂರ್ಣಿಮಾ ಹಿಂದಿನ ಕೋಣೆಯಲ್ಲಿ ಟ್ಯೂಷನ್ನಿನ ಉತ್ತರ ಪತ್ರಿಕೆ ತಿದ್ದುತ್ತಿದ್ದಳು. ಜೂನಿನಿಂದ ಭದ್ರಾವತಿಯ ಪಿಯು ಕಾಲೇಜೊಂದರಲ್ಲಿ ಪಾಠಕ್ಕೆ ಸೇರುವುದಾಗಿ ಅವಳ ಅಮ್ಮ ಬಾಗಿಲಲ್ಲೇ ಹೇಳಿದ್ದರು. ನಾನು ನಿಂತುಕೊಂಡೇ ಎಲ್ಲ ಹೇಳಿದೆ, ಅಕ್ಕಿಕಾಳಿನಿಂದ ಶುರುಮಾಡಿ. ಅವಳು ಫಿಲ್ಮನ್ನು ಕಿಟಕಿಗೆ ಹಿಡಿದಳು.

"ಇದು ಯಾವ್ದು?"

"ನಿನ್ನ ಮೊದಲನೇದು. ಸೆಪ್ಟೆಂಬರಿಂದು."

"ಇದು?"

"ಎರಡು. ಆಮೇಲೆ ಮೂರು. ನಾಲ್ಕು."

"ಎಲ್ಲಾ ನಂದೇ?"

"ಎಲ್ಲಾ ನಿಂದೇ."

ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. "ಅರವತ್ನಾಲ್ಕಾ? ಬಿತ್ತೇನೇ ಅದು!" ಎಂದು ನಕ್ಕೇಬಿಟ್ಟಳು. ಒಂದೇ ಕ್ಷಣ. ಆಮೇಲೆ ಫಿಲ್ಮನ್ನು ಮೇಜಿನ ಮೇಲಿಟ್ಟು ಪೆನ್ನಿನ ಮುಚ್ಚಳ ಹಾಕಿದಳು.

"ಸಾರಿ ಪೂರ್ಣಿ," ಎಂದೆ.

"ಸಾರಿ ಪಕ್ಕಕ್ಕಿಡು. ಪುಸ್ತಕ ತಂದಿದ್ಯಾ? ತಂದಿರ್ತೀಯ, ಅದಿಲ್ದೆ ನೀನೆಲ್ಲಿ ಹೊರಗೆ ಬರ್ತೀಯ." ಕುರ್ಚಿ ಎಳೆದಳು. "ಕೂತ್ಕೋ. ಎಷ್ಟು ಸಲ ಬರ್ದಿದ್ಯ ನನ್ನ ಕಿಣ್ವ ದುರ್ಬಲ ಅಂತ?"

"ಇಪ್ಪತ್ತಾರು."

"ಇಪ್ಪತ್ತಾರೂ ಹೊಡಿ. ಇಲ್ಲೇ, ನನ್ನ ಮುಂದೆ."

ಪ್ರಯೋಗಾಲಯದ ಪುಸ್ತಕದಲ್ಲಿ ತಪ್ಪನ್ನು ಕೆರೆದು ಅಳಿಸುವಂತಿಲ್ಲ. ಕೆಳಗಿನ ಅಕ್ಷರ ಕಾಣುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಹಾಕಿ ಸಹಿ ಮಾಡಬೇಕು. ನಾನು ಹಾಗೇ ಮಾಡುತ್ತ ಹೋದೆ. ಅವಳು ಪತ್ರಿಕೆ ತಿದ್ದುವುದನ್ನು ಮುಂದುವರಿಸಿದಳು, ಆದರೆ ಎಣಿಸುತ್ತಿದ್ದಳು. ಹನ್ನೊಂದನೆಯದಕ್ಕೆ ತಲೆಯೆತ್ತದೆ, "ಸಹಿ ಸರಿಯಾಗಿ ಮಾಡು, ಹೆಸರು ಓದೋಕಾಗ್ಬೇಕು," ಎಂದಳು. ಇಪ್ಪತ್ತಾರು ಮುಗಿದಾಗ ಪುಸ್ತಕ ಎಳೆದುಕೊಂಡು, ನವೆಂಬರಿನ ಹಾಳೆಯಲ್ಲಿ ತಾನು ಹೊರಟ ಹೊತ್ತುಗಳನ್ನು ಓದಿ, ಅಕ್ಟೋಬರಿಗೆ ತಿರುವಿದಳು. ಒಂಬತ್ತನೇ ತಾರೀಖಿನ ಕೆಳಗೆ ನಾಲ್ಕು ಬೆರಳಿನಷ್ಟು ಖಾಲಿ ಜಾಗ.

"ಇಲ್ಲಿ ಬರಿ."

"ಏನಂತ?"

"ಏನಾಯ್ತೋ ಅದನ್ನ."

ಬರೆದೆ. 'ಡಬ್ಬಿ 2, ಕೊಳವೆ 40. ಗುರುವಾರ ಮಧ್ಯಾಹ್ನ 2ರಿಂದ ಸೋಮವಾರ ಬೆಳಿಗ್ಗೆ 9ರವರೆಗೆ ಫ್ರೀಜರಿನ ಹೊರಗೆ. ಇಟ್ಟವಳು ಶೈಲಜಾ.' ಮೇ ಹದಿನೆಂಟರ ತಾರೀಖು ಹಾಕಿ ಸಹಿ ಮಾಡಿದೆ. ಪೂರ್ಣಿಮಾ ಓದಿದಳು. ತನ್ನ ಕೆಂಪು ಪೆನ್ನಿನಿಂದಲೇ ಕೆಳಗೆ 'ಓದಿದ್ದೇನೆ' ಎಂದು ಬರೆದು ಹೆಸರು ಹಾಕಿದಳು. ನಾವು ಒಬ್ಬರ ಪುಸ್ತಕಕ್ಕೆ ಇನ್ನೊಬ್ಬರು ಸಾಕ್ಷಿ ಹಾಕುವ ಕ್ರಮ ಹಾಗೆ. ನನ್ನ ಪುಸ್ತಕಕ್ಕೆ ಅಲ್ಲಿಯವರೆಗೆ ನಾನು ಯಾರ ಸಾಕ್ಷಿಯನ್ನೂ ಕೇಳಿರಲಿಲ್ಲ.

"ವಾಪಸ್ ಬರ್ತೀಯಾ?" ಎಂದೆ. "ಮೇಡಂ ಮತ್ತೆ ಅರ್ಜಿ ಹಾಕ್ತಾರಂತೆ."

"ದುಡ್ಡು ಬಂದ್ಮೇಲೆ ಹೇಳು. ಈಗ ನಂಗೆ ಕಾಲೇಜಿದೆ."

ಗೇಟಿನವರೆಗೆ ಬಂದಳು. ಮಳೆಯ ಮೋಡ ಕಟ್ಟಿತ್ತು, ಇಳಿಜಾರಿನ ಕೆಳಗೆ ಬಸ್ಸಿನ ಹಾರ್ನ್ ಕೇಳುತ್ತಿತ್ತು. ನಾನು ಚಪ್ಪಲಿ ಮೆಟ್ಟುವಾಗ ಅವಳು ಕೈಗಡಿಯಾರ ನೋಡಿಕೊಂಡಳು.

"ಐದೂ ಹತ್ತು," ಎಂದಳು. "ಬರ್ಕೋ ಮಾರಾಯ್ತಿ. ಶೈಲಜಾ ಹೊರಟಳು ಅಂತ."

ಬಸ್ಸು ಹತ್ತಿ ಕೂತ ಮೇಲೆ ಪುಸ್ತಕ ತೆಗೆದು ಬರೆದುಕೊಂಡೆ.